ಹಳಿ ಮೊದಲು, ಊರು ಆಮೇಲೆ



1869ನೇ ಇಸವಿ, ಮೇ ತಿಂಗಳ 10ನೇ ತಾರೀಖು. ಅಮೆರಿಕದ ಯೂಟಾ ಪ್ರಾಂತ್ಯ. ಬೋಳು ಗುಡ್ಡಗಳ ನಡುವೆ ಪ್ರಾಮಂಟರಿ ಎಂಬ ಒಂದು ಬಯಲು. ಪೂರ್ವದಿಂದ ಬಂದ ಒಂದು ಎಂಜಿನ್, ಪಶ್ಚಿಮದಿಂದ ಬಂದ ಇನ್ನೊಂದು ಎಂಜಿನ್ ಮುಖಾಮುಖಿ ನಿಂತಿವೆ. ನಡುವೆ ಕೊನೆಯ ಹಳಿಯನ್ನು ಕೂಡಿಸುವುದಷ್ಟೇ ಬಾಕಿ. ಪಕ್ಕದಲ್ಲಿ ಒಂದು ಮೇಜು, ಅದರ ಮೇಲೆ ಟೆಲಿಗ್ರಾಫ್ ಯಂತ್ರ. ಮೊಳೆಗೆ ಸುತ್ತಿಗೆ ಬೀಳುವ ಹೊತ್ತಿಗೆ ಟೆಲಿಗ್ರಾಫಿನವನು ಟಕ್, ಟಕ್, ಟಕ್ ಎಂದು ಸಂಕೇತ ಕಳಿಸಿದ. ಆಮೇಲೆ ಒಂದೇ ಒಂದು ಪದ ಕಳಿಸಿದ. "ಮುಗಿಯಿತು" ಎಂದು ಅದರ ಅರ್ಥ. ಕೂಡಲೇ ಎರಡೂ ಕರಾವಳಿಯ ನಗರಗಳಲ್ಲಿ ಫಿರಂಗಿ ಹಾರಿದವು, ಗಂಟೆಗಳು ಮೊಳಗಿದವು. ರೇಡಿಯೊ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಒಂದು ದೇಶವಿಡೀ ಒಂದೇ ಸದ್ದಿಗೆ ಕಿವಿಗೊಟ್ಟ ದಿನ ಅದು.

ಆ ಹಾದಿಯ ಉದ್ದ ಸುಮಾರು 1,800 ಮೈಲಿ. ಪೂರ್ವದ ತುದಿಯಲ್ಲಿ ಮಿಸ್ಸೂರಿ ನದಿ ದಂಡೆಯ ಒಮಾಹಾ, ಪಶ್ಚಿಮದ ತುದಿಯಲ್ಲಿ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ. ಅದಕ್ಕೆ ಮುಂಚೆ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟವರಿಗೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ಹಾದಿ ಕೂಡಿದ ಮೇಲೆ ನ್ಯೂಯಾರ್ಕಿನಿಂದ ಹೊರಟವರು ಒಂದು ವಾರದ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯ ಸೇರತೊಡಗಿದರು.

ಈ ವೇಗದ ಬಗ್ಗೆ ನೀವು ಕೇಳಿರಬಹುದು. ಇವತ್ತು ನಾನು ಹೇಳಹೊರಟಿರುವುದು ಬೇರೆ. ಲೋಕದಲ್ಲಿ ಸಾಮಾನ್ಯವಾಗಿ ಊರು ಮೊದಲು ಹುಟ್ಟುತ್ತದೆ. ಹೊಳೆ ದಂಡೆಯಲ್ಲೋ ಕೆರೆ ಏರಿಯ ಕೆಳಗೋ ನಾಲ್ಕು ಮನೆ ಏಳುತ್ತವೆ. ಊರು ಬೆಳೆಯುತ್ತದೆ, ಸಂತೆ ನೆರೆಯುತ್ತದೆ. ಆಮೇಲೆ ಅಲ್ಲಿಗೆ ರಸ್ತೆ, ರೈಲು ಬರುತ್ತದೆ. ಅಮೆರಿಕದ ಪಶ್ಚಿಮದ ಬಯಲಿನಲ್ಲಿ ಇದು ತಿರುಗಾಮುರುಗಾ ಆಯಿತು. ಅಲ್ಲಿ ಹಳಿ ಮೊದಲು ಬಂತು, ಊರು ಆಮೇಲೆ ಬಂತು. ಹಾಗಾಗಿ ಹಳಿ ಎಲ್ಲಿ ಹಾಯಬೇಕು ಎಂದು ನಿರ್ಧರಿಸಿದವರೇ ಊರು ಎಲ್ಲಿರಬೇಕು, ಹೊಲ ಎಲ್ಲಿರಬೇಕು, ರೈತನ ಕೈಗೆ ಎಷ್ಟು ಕಾಸು ಬರಬೇಕು ಎಂಬುದನ್ನೂ ನಿರ್ಧರಿಸಿದರು.

ಪೂರ್ವ ಕರಾವಳಿಯ ಕತೆ ಹೀಗಿರಲಿಲ್ಲ. ಅಲ್ಲಿ 1828ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಮೊದಲ ದೊಡ್ಡ ರೈಲು ಹಾದಿಗೆ ಅಡಿಗಲ್ಲು ಬಿತ್ತು. ಊರುಗಳು ಆಗಲೇ ಇದ್ದವು, ರೈಲು ಅವುಗಳನ್ನು ಕೂಡಿಸಿತು. 1860ರ ಹೊತ್ತಿಗೆ ದೇಶದಲ್ಲಿ 30 ಸಾವಿರ ಮೈಲಿ ಹಾದಿ ಇತ್ತು, ಹೆಚ್ಚಿನದು ಮಿಸ್ಸೂರಿ ನದಿಗಿಂತ ಈಚೆಗೆ. ನದಿ ದಾಟಿದರೆ ಹುಲ್ಲುಗಾವಲು, ಅದರಾಚೆ ಬೆಟ್ಟ, ಅದರಾಚೆ ಮರುಭೂಮಿ. ಅಲ್ಲಿ ರೈಲು ಹತ್ತುವ ಪ್ರಯಾಣಿಕರೂ ಇರಲಿಲ್ಲ, ತುಂಬಿಸುವ ಸರಕೂ ಇರಲಿಲ್ಲ. ಅಂಥ ಕಡೆಗೆ ಯಾವ ವ್ಯಾಪಾರಿ ದುಡ್ಡು ಹಾಕುತ್ತಾನೆ?

ಸರ್ಕಾರ ಇದಕ್ಕೆ ಕಂಡುಕೊಂಡ ದಾರಿ, ಜಮೀನು. 1862ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಅಧ್ಯಕ್ಷ ಲಿಂಕನ್ ಪೆಸಿಫಿಕ್ ರೈಲ್ವೆ ಕಾಯ್ದೆಗೆ ಸಹಿ ಹಾಕಿದರು. ಯೂನಿಯನ್ ಪೆಸಿಫಿಕ್ ಕಂಪನಿ ಪೂರ್ವದಿಂದ, ಸೆಂಟ್ರಲ್ ಪೆಸಿಫಿಕ್ ಕಂಪನಿ ಪಶ್ಚಿಮದಿಂದ ಹಳಿ ಹಾಕುತ್ತಾ ಬರಬೇಕು. ಹಾಕಿದ ಪ್ರತಿ ಮೈಲಿಗೂ ಸರ್ಕಾರದಿಂದ ಸಾಲ. ಬಯಲಿನಲ್ಲಾದರೆ ಮೈಲಿಗೆ 16 ಸಾವಿರ ಡಾಲರ್, ದೊಡ್ಡ ಬೆಟ್ಟಗಳಲ್ಲಾದರೆ 48 ಸಾವಿರ. ಅದರ ಜೊತೆಗೆ ಹಾದಿಯ ಎರಡೂ ಬದಿಗೆ ಜಮೀನು.

ಆ ಜಮೀನನ್ನು ಕೊಟ್ಟ ರೀತಿಯನ್ನು ಸ್ವಲ್ಪ ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಒಂದು ಚದುರಂಗದ ಮಣೆ. ನಡುವೆ ಅಡ್ಡಲಾಗಿ ಒಂದು ಗೆರೆ, ಅದೇ ರೈಲು ಹಾದಿ. ಒಂದೊಂದು ಮನೆಯೂ ಒಂದು ಮೈಲಿ ಉದ್ದ, ಒಂದು ಮೈಲಿ ಅಗಲ, ಅಂದರೆ 640 ಎಕರೆ. ಕಪ್ಪು ಮನೆಗಳೆಲ್ಲ ಕಂಪನಿಗೆ, ಬಿಳಿ ಮನೆಗಳೆಲ್ಲ ಸರ್ಕಾರಕ್ಕೆ. ರೈಲು ಬಂದರೆ ಉಳಿದ ಅರ್ಧದ ಬೆಲೆ ಏರುತ್ತದೆ, ಕೊಟ್ಟದ್ದರ ನಷ್ಟ ತುಂಬುತ್ತದೆ ಎಂಬುದು ಲೆಕ್ಕ. ಹಾದಿ ಪಕ್ಕದ ತನ್ನ ಮನೆಗಳಿಗೆ ಸರ್ಕಾರ ಎಕರೆಗೆ ಒಂದೂಕಾಲು ಡಾಲರಿನ ಬದಲು ಎರಡೂವರೆ ಡಾಲರ್ ಬೆಲೆ ಕಟ್ಟಿತು. ಹೀಗೆ ಹಲವು ಕಂಪನಿಗಳಿಗೆ ಕೇಂದ್ರ ಸರ್ಕಾರ ಕೊಟ್ಟ ಭೂಮಿ ಒಟ್ಟು ಸುಮಾರು 13 ಕೋಟಿ ಎಕರೆ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ 4 ಕೋಟಿ 70 ಲಕ್ಷ ಎಕರೆಯ ಹತ್ತಿರ. ಎರಡೂವರೆ ಕರ್ನಾಟಕಕ್ಕಿಂತ ಹೆಚ್ಚಿನ ನೆಲ ರೈಲ್ವೆ ಕಂಪನಿಗಳ ಕೈಗೆ ಹೋಯಿತು.

ಸರಿ, ಕಂಪನಿಗೆ ಹಳಿಯೂ ಆಯಿತು, ನೆಲವೂ ಸಿಕ್ಕಿತು. ಈಗ ಬೇಕಾದದ್ದು ಜನ. ಜನ ಬಂದರೆ ನೆಲ ಮಾರಾಟವಾಗುತ್ತದೆ. ಬಂದವರು ಬೆಳೆ ತೆಗೆದರೆ ರೈಲಿಗೆ ಸರಕು ಸಿಗುತ್ತದೆ. ಹೀಗಾಗಿ ರೈಲ್ವೆ ಕಂಪನಿಗಳೇ ಜನರನ್ನು ಕರೆಯಲು ಹೊರಟವು. ಯುರೋಪಿನಲ್ಲಿ ಏಜೆಂಟರನ್ನು ಇಟ್ಟವು. ಜರ್ಮನ್, ಸ್ವೀಡಿಷ್ ಮುಂತಾದ ಭಾಷೆಗಳಲ್ಲಿ ಪ್ರಚಾರದ ಹೊತ್ತಿಗೆಗಳನ್ನು ಅಚ್ಚು ಹಾಕಿಸಿದವು. ಕಂತಿನ ಮೇಲೆ ಜಮೀನು ಕೊಟ್ಟವು. 1874ರಲ್ಲಿ ರಷ್ಯದಿಂದ ಮೆನೊನೈಟ್ ಪಂಗಡದ ಕುಟುಂಬಗಳು ಕ್ಯಾನ್ಸಸ್ ರಾಜ್ಯಕ್ಕೆ ಬಂದು ಸಾಂತಾ ಫೆ ರೈಲ್ವೆಯ ಜಮೀನು ಕೊಂಡವು. ಚಳಿಗಾಲದಲ್ಲಿ ಬೆಳೆಯುವ ಗೋಧಿಯ ಕೃಷಿ ಅಲ್ಲಿ ಬೇರೂರಿದ್ದರಲ್ಲಿ ಈ ಕುಟುಂಬಗಳ ಪಾಲು ದೊಡ್ಡದು. ಉತ್ತರದಲ್ಲಿ ಇನ್ನೊಂದು ಕಂಪನಿ, ನಾರ್ದರ್ನ್ ಪೆಸಿಫಿಕ್, 1873ರಲ್ಲಿ ಒಂದು ಊರಿನ ಹೆಸರನ್ನೇ ಬದಲಿಸಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಅವರ ಹೆಸರಿಟ್ಟಿತು. ಜರ್ಮನ್ ಹಣ ಬರಲಿ ಎಂಬುದು ಆಸೆ. ಇವತ್ತಿಗೂ ನಾರ್ತ್ ಡಕೋಟಾ ರಾಜ್ಯದ ರಾಜಧಾನಿ ಬಿಸ್ಮಾರ್ಕ್.

ಹೆಸರಿನ ಮಾತು ಬಂತಲ್ಲ, ಒಂದು ಪಟ್ಟಿ ಓದುತ್ತೇನೆ, ದಯವಿಟ್ಟು ಕಿವಿಗೊಟ್ಟು ಕೇಳಿ. ನೆಬ್ರಾಸ್ಕದ ಬಯಲಿನಲ್ಲಿ 1870ರ ಸುಮಾರಿಗೆ ಬರ್ಲಿಂಗ್ಟನ್ ಕಂಪನಿ ಒಂದರ ನಂತರ ಒಂದು ಸ್ಟೇಷನ್ನು ಇಟ್ಟಿತು. ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಅವುಗಳ ಹೆಸರು ಹೀಗಿವೆ. ಕ್ರೀಟ್. ಡಾರ್ಚೆಸ್ಟರ್. ಎಕ್ಸಿಟರ್. ಫೇರ್‌ಮಾಂಟ್. ಗ್ರಾಫ್ಟನ್. ಹಾರ್ವರ್ಡ್. ಇನ್‌ಲ್ಯಾಂಡ್. ಜುನಿಯಾಟ. ಕೆನೆಸಾ. ಲೋವೆಲ್. ಇಂಗ್ಲಿಷ್ ಅಕ್ಷರಮಾಲೆ ಬಲ್ಲವರಿಗೆ ಗೊತ್ತಾಗಿರಬೇಕು. ಸಿ, ಡಿ, ಇ, ಎಫ್, ಜಿ, ಎಚ್, ಐ, ಜೆ, ಕೆ, ಎಲ್. ಕಚೇರಿಯಲ್ಲಿ ಕೂತವರು ನಕ್ಷೆಯ ಮೇಲೆ ಚುಕ್ಕೆ ಇಡುತ್ತಾ ಅಕ್ಷರಮಾಲೆಯ ಸಾಲಿನಲ್ಲಿ ಊರುಗಳಿಗೆ ಹೆಸರಿಡುತ್ತಾ ಹೋದರು. ಊರಿನ ಹೆಸರೆಂದರೆ ನಮಗೆ ಒಂದು ದೇವರು, ಒಂದು ಮರ, ಒಂದು ಹಳ್ಳ, ಅಜ್ಜಿ ಹೇಳಿದ ಒಂದು ಕತೆ. ಅಲ್ಲಿ ಜನರಿಗೆ ಮುಂಚೆ ಹೆಸರು ಬಂತು, ಹೆಸರಿಗೆ ಮುಂಚೆ ಹಳಿ ಬಂತು.

ಆ ಸ್ಟೇಷನ್ನಿಗೆ ಬಂದಿಳಿದ ಒಂದು ಕುಟುಂಬವನ್ನು ನೆನೆಯಿರಿ. ಕಣ್ಣು ಹಾಯುವಷ್ಟು ದೂರ ಹುಲ್ಲು. ಮರವಿಲ್ಲ. ಮನೆ ಕಟ್ಟಲು ತೊಲೆಯಿಲ್ಲ, ಒಲೆಗೆ ಸೌದೆಯಿಲ್ಲ. ನೇಗಿಲು ಹೊಡೆದು, ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯ ಹಾಗೆ ಕೊಯ್ದು, ಪೇರಿಸಿ, ಗೋಡೆ ಎಬ್ಬಿಸುತ್ತಿದ್ದರು. ಮಳೆ ಬಂದರೆ ಚಾವಣಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಒಂದೆರಡು ಬೆಳೆ ಕೈಗೆ ಹತ್ತಿದ ಮೇಲೆ ರೈಲಿನಲ್ಲಿ ಹಲಗೆ ಬರುತ್ತಿತ್ತು, ಕಿಟಕಿಗೆ ಗಾಜು ಬರುತ್ತಿತ್ತು, ಕಲ್ಲಿದ್ದಲು ಬರುತ್ತಿತ್ತು. ಮನೆ ಎನ್ನುವುದೇ ರೈಲಿನಲ್ಲಿ ಬಂದಿಳಿಯುತ್ತಿತ್ತು. 1860ರಲ್ಲಿ ನೆಬ್ರಾಸ್ಕದ ಜನಸಂಖ್ಯೆ 30 ಸಾವಿರಕ್ಕೂ ಕಡಿಮೆ. 1880ರಲ್ಲಿ ಅದು ನಾಲ್ಕೂವರೆ ಲಕ್ಷ. ಬಂದವರೆಲ್ಲ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎಂದು ಆಗ ಪ್ರಚಾರ ಮಾಡುತ್ತಿದ್ದರು. ಅದು ಸುಳ್ಳು. 1880ರ ದಶಕದ ಕೊನೆಯಲ್ಲಿ ಬರ ಬಿದ್ದಾಗ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಪೂರ್ವಕ್ಕೆ ಮರಳಿದವು.

ಇಲ್ಲಿಯವರೆಗೆ ಕೇಳಿದ್ದನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ಹಳಿಗೆ ಪ್ರತಿಯಾಗಿ ಸರ್ಕಾರ ನೆಲ ಕೊಟ್ಟಿತು. ನೆಲ ಮಾರಲು ಕಂಪನಿ ಜನರನ್ನು ಕರೆಯಿತು. ಜನ ಬಂದು ಬೆಳೆ ತೆಗೆದರು. ಇನ್ನು ಆ ಬೆಳೆ ಎಲ್ಲಿಗೆ ಹೋಯಿತು ಎಂದು ನೋಡೋಣ. ಹೋದದ್ದು ಹೆಚ್ಚಾಗಿ ಒಂದೇ ಕಡೆಗೆ. ಶಿಕಾಗೊಗೆ.

1850ರಲ್ಲಿ ಶಿಕಾಗೊ 30 ಸಾವಿರ ಜನರ ಊರು. 1890ರಲ್ಲಿ 10 ಲಕ್ಷ ದಾಟಿದ ಮಹಾನಗರ. ನಡುವೆ 1871ರಲ್ಲಿ ದೊಡ್ಡ ಬೆಂಕಿ ಬಿದ್ದು ನಗರದ ಒಂದು ದೊಡ್ಡ ಭಾಗ ಸುಟ್ಟುಹೋಗಿತ್ತು. ಆದರೂ ಬೆಳೆಯಿತು, ಏಕೆಂದರೆ ಪಶ್ಚಿಮದ ಹಳಿಗಳೂ ಪೂರ್ವದ ಹಳಿಗಳೂ ಅಲ್ಲಿ ಸೇರುತ್ತಿದ್ದವು.

ರೈಲು ಬರುವ ಮುಂಚೆ ಗೋಧಿ ಗೋಣಿಚೀಲದಲ್ಲಿ ಪ್ರಯಾಣ ಮಾಡುತ್ತಿತ್ತು. ಚೀಲದ ಮೇಲೆ ರೈತನ ಗುರುತು. ಹೊಲದಿಂದ ಬಂಡಿಗೆ, ಬಂಡಿಯಿಂದ ದೋಣಿಗೆ ಆ ಚೀಲವನ್ನು ಹಮಾಲರು ಬೆನ್ನ ಮೇಲೆ ಹೊತ್ತು ಸಾಗಿಸುತ್ತಿದ್ದರು. ಕೊನೆಗೆ ಮಾರಾಟವಾಗುವವರೆಗೂ ಇದು ಇಂಥವನ ಗೋಧಿ ಎಂದು ಗೊತ್ತಿರುತ್ತಿತ್ತು. ರೈಲಿಗೆ ಅಷ್ಟು ಪುರಸೊತ್ತಿಲ್ಲ. ವ್ಯಾಗನ್ನು ಖಾಲಿ ನಿಂತರೆ ನಷ್ಟ. ಅದಕ್ಕೆ ಚೀಲ ಬಿಚ್ಚಿ ಕಾಳನ್ನು ನೇರವಾಗಿ ವ್ಯಾಗನ್ನಿಗೆ ಸುರಿದರು. ಶಿಕಾಗೊದಲ್ಲಿ ಹಲವು ಮಹಡಿ ಎತ್ತರದ ಕಣಜಗಳನ್ನು ಕಟ್ಟಿದರು. ಉಗಿಯಂತ್ರದಿಂದ ತಿರುಗುವ ಪಟ್ಟಿ, ಆ ಪಟ್ಟಿಗೆ ಸಾಲಾಗಿ ಬಕೆಟ್ಟುಗಳು. ಅವು ಕಾಳನ್ನು ಮೊಗೆದು ಮೇಲಕ್ಕೆ ಒಯ್ದು ಸುರಿಯುತ್ತಿದ್ದವು. ಕಾಳು ನೀರಿನ ಹಾಗೆ ಹರಿಯತೊಡಗಿತು.

ನೀರಿನ ಹಾಗೆ ಹರಿದ ಮೇಲೆ ಯಾರ ಕಾಳು ಯಾವುದು? ಗೊತ್ತಾಗುವುದಿಲ್ಲ. ಆಗ ವರ್ತಕರ ಮಂಡಳಿ ದರ್ಜೆಗಳನ್ನು ಗೊತ್ತುಮಾಡಿತು. ಒಂದನೇ ದರ್ಜೆ, ಎರಡನೇ ದರ್ಜೆ, ಹೀಗೆ. ರೈತನ ಗೋಧಿ ಆ ದರ್ಜೆಯ ರಾಶಿಗೆ ಬೀಳುತ್ತದೆ, ಕೈಗೆ ಒಂದು ರಸೀದಿ ಬರುತ್ತದೆ. ಕ್ರಮೇಣ ಆ ರಸೀದಿಯೇ ಕೈಯಿಂದ ಕೈಗೆ ಮಾರಾಟವಾಗತೊಡಗಿತು. ಇನ್ನೂ ಬೆಳೆಯದ ಗೋಧಿಗೂ ಮುಂದಿನ ತಿಂಗಳ ದರ ಕಟ್ಟುವ ವ್ಯಾಪಾರ ಅಲ್ಲಿ ಬೇರುಬಿಟ್ಟಿತು. ಇವತ್ತು ಜಗತ್ತಿನ ಎಲ್ಲ ಕಡೆ ನಡೆಯುವ ವಾಯಿದೆ ವ್ಯಾಪಾರ ಆ ಕಣಜಗಳ ಬುಡದಲ್ಲಿ ಮೈತುಂಬಿಕೊಂಡದ್ದು. ರೈಲಿನಿಂದ ಆದ ಬದಲಾವಣೆಗಳಲ್ಲಿ ಇದೇ ಅತ್ಯಂತ ಆಳವಾದದ್ದು ಎಂದು ನನ್ನ ಎಣಿಕೆ. ರೈತನಿಗೆ ಲಂಡನ್ನಿನ ಮಾರುಕಟ್ಟೆ ಸಿಕ್ಕಿತು, ಅವನ ಬೆಳೆಗಿದ್ದ ಅವನ ಹೆಸರು ಹೋಯಿತು.

ಮಾಂಸದ ವ್ಯಾಪಾರದ ಕತೆಯೂ ಇಂಥದೇ, ಚುಟುಕಾಗಿ ಹೇಳುತ್ತೇನೆ. 1865ರ ಕ್ರಿಸ್‌ಮಸ್ ದಿನ ಶಿಕಾಗೊದಲ್ಲಿ ಭಾರಿ ದನದ ದೊಡ್ಡಿ ತೆರೆಯಿತು. ಟೆಕ್ಸಸ್ಸಿನ ದನಗಳನ್ನು ನೂರಾರು ಮೈಲಿ ನಡೆಸಿಕೊಂಡು ಬಂದು ಕ್ಯಾನ್ಸಸ್ಸಿನ ಅಬಿಲೀನ್ ಸ್ಟೇಷನ್ನಿನಲ್ಲಿ ರೈಲಿಗೆ ಹತ್ತಿಸುತ್ತಿದ್ದರು. ಸಿನಿಮಾಗಳಲ್ಲಿ ಕಾಣುವ ಕೌಬಾಯ್ ಹೋಗುತ್ತಿದ್ದದ್ದು ರೈಲು ಸ್ಟೇಷನ್ನಿನ ಕಡೆಗೆ. ಮುಂದೆ ಗುಸ್ಟಾವಸ್ ಸ್ವಿಫ್ಟ್ ಎಂಬ ವ್ಯಾಪಾರಿ ಮಂಜುಗಡ್ಡೆ ತುಂಬಿದ ವ್ಯಾಗನ್ನುಗಳಲ್ಲಿ ಮಾಂಸವನ್ನೇ ಪೂರ್ವಕ್ಕೆ ಕಳಿಸತೊಡಗಿದ.

ಹೀಗೆ ಹಳಿ ಊರನ್ನು ತಂದಿತು, ಊರಿನ ಬೆಳೆಯನ್ನು ಮಾರುಕಟ್ಟೆಗೆ ಒಯ್ದಿತು. ಗಡಿಯಾರವನ್ನೂ ಅದು ಬಿಡಲಿಲ್ಲ. ಆ ಕಾಲಕ್ಕೆ ಒಂದೊಂದು ಊರಿಗೂ ಒಂದೊಂದು ಹೊತ್ತು. ನೆತ್ತಿಯ ಮೇಲೆ ಸೂರ್ಯ ಬಂದಾಗ ಆ ಊರಿಗೆ ಹನ್ನೆರಡು ಗಂಟೆ. ರೈಲು ವೇಳಾಪಟ್ಟಿಗೆ ಇದು ದೊಡ್ಡ ತೊಡಕಾಯಿತು. 1883ರ ನವೆಂಬರ್ 18, ಭಾನುವಾರ, ರೈಲ್ವೆ ಕಂಪನಿಗಳು ತಾವೇ ದೇಶವನ್ನು ನಾಲ್ಕು ವೇಳಾ ವಲಯಗಳಾಗಿ ಹಂಚಿದವು. ಆ ದಿನ ಹಲವು ಊರುಗಳಲ್ಲಿ ಎರಡು ಸಲ ಮಧ್ಯಾಹ್ನದ ಗಂಟೆ ಬಾರಿಸಿತು, ಮೊದಲು ಸೂರ್ಯನ ಹನ್ನೆರಡು, ಆಮೇಲೆ ರೈಲಿನ ಹನ್ನೆರಡು. ದೇಶದ ಸಂಸತ್ತು ಇದನ್ನು ಕಾನೂನು ಮಾಡಿದ್ದು 1918ರಲ್ಲಿ. ಅಲ್ಲಿಯವರೆಗೆ 35 ವರ್ಷ ಜನ ರೈಲಿನ ಗಡಿಯಾರ ನೋಡಿಕೊಂಡೇ ನಡೆದರು.

ಇಷ್ಟೆಲ್ಲ ಕೇಳಿದ ಮೇಲೆ ಅಮೆರಿಕದ ಸಿರಿವಂತಿಕೆಗೆ ರೈಲೇ ಕಾರಣ ಎಂದು ನಿಮಗೆ ಅನ್ನಿಸಬಹುದು. ಬಹುಕಾಲ ಎಲ್ಲರೂ ಹಾಗೆಯೇ ನಂಬಿದ್ದರು. 1964ರಲ್ಲಿ ರಾಬರ್ಟ್ ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು ಆ ನಂಬಿಕೆಯನ್ನು ಲೆಕ್ಕ ಹಾಕಿ ಪರೀಕ್ಷಿಸಿದರು. ರೈಲೇ ಇಲ್ಲದಿದ್ದರೆ ಕಾಲುವೆ, ನದಿ, ಬಂಡಿಗಳಿಂದ ಎಷ್ಟು ಕೆಲಸ ಆಗುತ್ತಿತ್ತು? 1890ರಲ್ಲಿ ಕೃಷಿ ಸರಕಿನ ಸಾಗಣೆಯಲ್ಲಿ ರೈಲಿನಿಂದಾದ ಉಳಿತಾಯ ರಾಷ್ಟ್ರದ ಒಟ್ಟು ಉತ್ಪನ್ನದ ಕೆಲವೇ ಶೇಕಡಾ ಎಂದು ಅವರು ಹೇಳಿದರು. ದೊಡ್ಡ ವಾಗ್ವಾದವೇ ಎದ್ದಿತು. ಅವರಿಗೆ 1993ರಲ್ಲಿ ನೊಬೆಲ್ ಬಹುಮಾನವೂ ಬಂತು. ಈಚೆಗೆ, 2016ರಲ್ಲಿ, ಡೊನಾಲ್ಡ್‌ಸನ್ ಮತ್ತು ಹಾರ್ನ್‌ಬೆಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬೇರೆ ದಾರಿಯಿಂದ ಲೆಕ್ಕ ಹಾಕಿದರು. 1890ರಲ್ಲಿ ರೈಲು ಇಲ್ಲದಿದ್ದರೆ ಕೃಷಿ ಭೂಮಿಯ ಬೆಲೆಯಲ್ಲಿ ಸುಮಾರು ಶೇಕಡಾ 60 ಕುಸಿಯುತ್ತಿತ್ತು ಎಂಬುದು ಅವರು ಕಂಡದ್ದು. ನನಗೆ ಎರಡನೆಯ ಲೆಕ್ಕವೇ ನಂಬಿಕೆಗೆ ಹತ್ತಿರ ಅನ್ನಿಸುತ್ತದೆ. ಪೂರ್ವದಲ್ಲಿ ಕಾಲುವೆ ಇತ್ತು, ನಿಜ. ನೆಬ್ರಾಸ್ಕದ ಬಯಲಿನಲ್ಲಿ ಹಡಗು ಎಲ್ಲಿ ತೇಲಬೇಕಿತ್ತು?

ಲಾಭದ ಮಾತು ಇಷ್ಟು. ಇನ್ನು ಬೆಲೆ ತೆತ್ತವರ ಮಾತಿಗೆ ಬರುತ್ತೇನೆ.

ಮೊದಲು ರೈತ. ಹಳಿಯೇ ಊರನ್ನು ತಂದಿದ್ದರಿಂದ ಆ ಊರಿಗೆ ಎರಡನೆಯ ದಾರಿ ಇರಲಿಲ್ಲ. ಒಂದೇ ಕಂಪನಿ ಇದ್ದ ಕಡೆ ಅದು ಹೇಳಿದ್ದೇ ಬಾಡಿಗೆ. ಎರಡು ಕಂಪನಿ ಪೈಪೋಟಿಗೆ ಬಿದ್ದ ದೊಡ್ಡ ನಗರಗಳಿಗೆ ಕಡಿಮೆ ದರ. ಹೀಗಾಗಿ ಹತ್ತಿರದ ಊರಿಗೆ ಸಾಗಿಸಲು ದೂರದ ನಗರಕ್ಕಿಂತ ಹೆಚ್ಚು ತೆರಬೇಕಾದ ಪ್ರಸಂಗಗಳಿದ್ದವು. ದರ ಬಿದ್ದ ವರ್ಷಗಳಲ್ಲಿ ಮೆಕ್ಕೆಜೋಳ ಕಳಿಸಿದರೆ ಬಾಡಿಗೆಯೂ ಹುಟ್ಟದೆ, ಬಯಲಿನ ರೈತರು ಅದನ್ನು ಒಲೆಗೆ ಹಾಕಿ ಚಳಿ ಕಾಯಿಸಿಕೊಂಡರು. ಬೆಳೆದ ಕಾಳನ್ನು ಕೈಯಾರೆ ಸುಡುವುದು ಎಂಥ ಸಂಕಟ ಎಂದು ಒಕ್ಕಲುತನ ಮಾಡುವವರಿಗೆ ನಾನು ಹೇಳಬೇಕಾಗಿಲ್ಲ. ಆ ರೈತರು ಗ್ರೇಂಜ್ ಎಂಬ ಸಂಘ ಕಟ್ಟಿ ಹೋರಾಡಿದರು. ಹಲವು ರಾಜ್ಯಗಳು ದರಕ್ಕೆ ಮಿತಿ ಹಾಕಿದವು. 1887ರಲ್ಲಿ ಕೇಂದ್ರ ಸರ್ಕಾರವೇ ಅಂತರರಾಜ್ಯ ವಾಣಿಜ್ಯ ಆಯೋಗವನ್ನು ನೇಮಿಸಿತು. ಅಮೆರಿಕದಲ್ಲಿ ಖಾಸಗಿ ಉದ್ಯಮದ ಮೇಲೆ ಕಣ್ಣಿಡಲು ಕೇಂದ್ರ ಸರ್ಕಾರ ನೇಮಿಸಿದ ಮೊದಲ ಆಯೋಗ ಅದು.

ರೈತನಿಗೆ ಸಂಘವಿತ್ತು, ಮತವಿತ್ತು. ಅದೂ ಇಲ್ಲದವರ ಕಡೆಗೆ ತಿರುಗೋಣ. ಬಯಲು ಎಂದು ನಾನು ಮತ್ತೆ ಮತ್ತೆ ಅಂದೆ. ಅದು ಖಾಲಿ ಇರಲಿಲ್ಲ. ಲಕೋಟಾ, ಶೈಯೆನ್, ಅರಪಾಹೊ, ಪಾನಿ ಜನಾಂಗಗಳು ಅಲ್ಲಿ ಬಾಳುತ್ತಿದ್ದವು. ಕಾಡೆಮ್ಮೆಯ ಹಿಂಡು ಅವರಿಗೆ ಊಟ, ಬಟ್ಟೆ, ಗುಡಾರ ಎಲ್ಲವೂ. ಸರ್ಕಾರ ಚದುರಂಗದ ಮಣೆಯಾಗಿ ಹಂಚಿದ್ದು ಅವರ ನೆಲವನ್ನು. ಹಳಿಯ ಜೊತೆಗೆ ಸೈನ್ಯ ಬಂತು, ಚರ್ಮಕ್ಕಾಗಿ ಕೊಲ್ಲುವ ಬೇಟೆಗಾರರು ಬಂದರು. ಚರ್ಮಗಳು ರಾಶಿರಾಶಿಯಾಗಿ ರೈಲಿನಲ್ಲಿ ಪೂರ್ವಕ್ಕೆ ಹೋದವು. ಕೋಟಿಗಳಲ್ಲಿದ್ದ ಕಾಡೆಮ್ಮೆ 1880ರ ದಶಕ ಮುಗಿಯುವ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಬದುಕಿನ ಆಧಾರವೇ ಕುಸಿದಾಗ ಆ ಜನ ಮೀಸಲು ಪ್ರದೇಶಗಳಿಗೆ ಸರಿಯಬೇಕಾಯಿತು. ಅಮೆರಿಕದ ರೈಲಿನ ಯಾವ ಲಾಭದ ಲೆಕ್ಕವೂ ಇದನ್ನು ಬಿಟ್ಟು ಪೂರ್ಣವಾಗದು.

ನೆಲ ಕಳೆದುಕೊಂಡವರ ಮಾತಾಯಿತು. ಕೊನೆಯದಾಗಿ ಹಳಿ ಹಾಕಿದವರ ಮಾತು. ಪೂರ್ವದಿಂದ ಬಂದ ಹಾದಿಯಲ್ಲಿ ಐರ್ಲೆಂಡಿನವರು, ಯುದ್ಧ ಮುಗಿಸಿ ಬಂದ ಸೈನಿಕರು ದುಡಿದರು. ಪಶ್ಚಿಮದ ಹಾದಿಯಲ್ಲಿ ಹತ್ತಕ್ಕೆ ಎಂಟು ಒಂಬತ್ತು ಮಂದಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ ಬಂದವರು. ಒಟ್ಟು 10 ಸಾವಿರಕ್ಕೂ ಹೆಚ್ಚು. ಸಿಯೆರ್ರಾ ಪರ್ವತದ ನೆತ್ತಿಯಲ್ಲಿ 1,600 ಅಡಿಗೂ ಉದ್ದದ ಸುರಂಗವನ್ನು ಅವರು ಕರಿಕಲ್ಲಿನಂಥ ಗಟ್ಟಿ ಬಂಡೆಯಲ್ಲಿ ಕೊರೆದರು. ಒಬ್ಬ ಉಳಿ ಹಿಡಿಯುವುದು, ಇಬ್ಬರು ಸುತ್ತಿಗೆ ಬೀಸುವುದು, ತೂತಿಗೆ ಮದ್ದು ತುಂಬಿ ಸಿಡಿಸುವುದು. ಹಗಲೂ ರಾತ್ರಿ ದುಡಿದರೂ ಒಂದು ಮುಖದಲ್ಲಿ ದಿನಕ್ಕೆ ಒಂದಡಿಯ ಆಸುಪಾಸು. ಚಳಿಗಾಲದಲ್ಲಿ ಹಿಮದ ಅಡಿಯಲ್ಲೇ ದಾರಿ ಕೊರೆದುಕೊಂಡು ಅದರೊಳಗೆ ವಾಸ. ಹಿಮ ಕುಸಿದು ಸತ್ತವರ ದೇಹ ವಸಂತದಲ್ಲಿ ಹಿಮ ಕರಗಿದ ಮೇಲೆ ಸಿಗುತ್ತಿತ್ತು. ಕಾಯಿಸಿದ ಚಹಾವನ್ನು ಸಣ್ಣ ಪೀಪಾಯಿಗಳಲ್ಲಿ ತುಂಬಿ, ಹೆಗಲ ಮೇಲಿನ ಕೋಲಿಗೆ ತೂಗುಹಾಕಿ, ಕೆಲಸದ ಜಾಗಕ್ಕೆ ತಂದುಕೊಡುತ್ತಿದ್ದರು. 1867ರ ಜೂನ್‌ನಲ್ಲಿ ಅವರು ಮುಷ್ಕರ ಹೂಡಿದರು. ತಿಂಗಳಿಗೆ 40 ಡಾಲರ್ ಕೂಲಿ, ಕಡಿಮೆ ಗಂಟೆಯ ಕೆಲಸ, ಇವು ಮುಖ್ಯ ಬೇಡಿಕೆ. ಕಂಪನಿ ದಿನಸಿ ಬರುವುದನ್ನೇ ತಡೆಯಿತು. ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿಯಿತು.

1869ರ ಏಪ್ರಿಲ್ 28ರಂದು ಈ ಪಶ್ಚಿಮದ ಹಾದಿಯಲ್ಲಿ ಒಂದೇ ದಿನದಲ್ಲಿ 10 ಮೈಲಿ ಹಳಿ ಹಾಕಿದರು. ಆ ದಿನ ಹಳಿ ಎತ್ತಿ ಇಟ್ಟ ಎಂಟು ಐರಿಷ್ ಕೆಲಸಗಾರರ ಹೆಸರು ದಾಖಲೆಯಲ್ಲಿದೆ. ಅವರ ಜೊತೆಗೆ ದುಡಿದ ಚೀನೀಯರ ಹೆಸರಿಲ್ಲ. ಕಂಪನಿಯ ಸಂಬಳದ ಪುಸ್ತಕದಲ್ಲಿ ಹೆಚ್ಚಾಗಿ ಮೇಸ್ತ್ರಿಯ ಹೆಸರು, ಅವನ ಗುಂಪಿನ ಲೆಕ್ಕ, ಅಷ್ಟೇ. ಪ್ರಾಮಂಟರಿಯಲ್ಲಿ ತೆಗೆದ ಪ್ರಸಿದ್ಧ ಛಾಯಾಚಿತ್ರದಲ್ಲಿ ಎರಡು ಎಂಜಿನ್ನುಗಳ ಮುಂದೆ ಜನ ಕಿಕ್ಕಿರಿದು ನಿಂತಿದ್ದಾರೆ. ಅದರಲ್ಲಿ ಚೀನೀ ಮುಖ ಹುಡುಕಿದರೂ ಸಿಗುವುದು ಕಷ್ಟ. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬಾರದಂತೆ ಅಮೆರಿಕ ಕಾಯ್ದೆ ಮಾಡಿತು. ಅದು ರದ್ದಾದದ್ದು 1943ರಲ್ಲಿ. 2014ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ತನ್ನ ಗೌರವ ಸಭಾಂಗಣದಲ್ಲಿ ಆ ಕೆಲಸಗಾರರಿಗೆ ಸ್ಥಾನ ಕೊಟ್ಟಿತು. "ಮುಗಿಯಿತು" ಎಂದು ಟೆಲಿಗ್ರಾಫ್ ಸದ್ದು ಮಾಡಿ ಆಗ 145 ವರ್ಷ ಆಗಿತ್ತು.